ಕಾಲೇಜಿನ ಸಮಾನತೆ: ಕೇಳುವವರು ಕೊಡಲೂ ಕಲಿಯಬೇಕು

ಹದಿನೈದು ವರ್ಷಗಳ ಹಿಂದಿನ ಮಾತು. ಮದ್ರಸದ ಶಿಕ್ಷಣ ಮುಗಿಸಿ, ಖಾಸಗಿಯಾಗಿ ಪರೀಕ್ಷೆ ಬರೆದು ಪಿಯುಸಿ ತೇರ್ಗಡೆಯಾಗಿ, ಬಿ.ಎ. ತರಗತಿಗೆ ಸೇರಿದ್ದೆ. ಮೊದಲ ದಿನ ಹಾಜರಿ ಕರೆಯುತ್ತಿದ್ದ ಉಪನ್ಯಾಸಕರು ನನ್ನ ಹೆಸರು ಬಂದಾಗ ನಿಂತರು. ಗಡ್ಡವನ್ನೂ ಟೊಪ್ಪಿಯನ್ನೂ ನೋಡಿ, "ಏನು ಮೌಲ್ವಿ, ದಾರಿ ತಪ್ಪಿ ಇಲ್ಲಿಗೆ ಬಂದೆಯಾ?" ಎಂದರು. ತರಗತಿಯ ಅರುವತ್ತು ಮಂದಿಯೂ ನಕ್ಕರು. ಆ ಉಪನ್ಯಾಸಕರು ಕೆಟ್ಟವರಾಗಿರಲಿಲ್ಲ. ಮುಂದೆ ಅವರೇ ತಮ್ಮ ಮನೆಯಿಂದ ಇತಿಹಾಸದ ಪುಸ್ತಕಗಳನ್ನು ತಂದು ನನಗೆ ಓದಲು ಕೊಟ್ಟರು. ಆದರೆ ಆ ನಗುವಿನ ಬಳಿಕ ಒಂದು ವರ್ಷ ಕಾಲ ನಾನು ತರಗತಿಯಲ್ಲಿ ಎದ್ದು ನಿಂತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಈ ಘಟನೆಯನ್ನು ನಾನು ಹಲವು ಸಭೆಗಳಲ್ಲಿ ಹೇಳಿದ್ದೇನೆ. ಕೇಳಿದವರು ಮರುಗಿದ್ದಾರೆ. ಆದರೆ ಅದೇ ವರ್ಷ ನಡೆದ ಇನ್ನೊಂದು ಘಟನೆಯನ್ನು ಇದುವರೆಗೆ ಎಲ್ಲಿಯೂ ಹೇಳಿರಲಿಲ್ಲ. ಆಗ ನಾನು ನಮ್ಮದೇ ಸಮುದಾಯದ ಹಿರಿಯರು ನಡೆಸುತ್ತಿದ್ದ ವಿದ್ಯಾರ್ಥಿ ನಿಲಯದಲ್ಲಿದ್ದೆ. ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ ಬಂದ ನದಾಫ್ ಹುಡುಗನೊಬ್ಬ ನಮ್ಮ ಕೋಣೆಯಲ್ಲಿದ್ದ. ಅವನ ಮನೆಮಾತು ಕನ್ನಡ. ನಮ್ಮಲ್ಲಿ ಕೆಲವರದು ಬ್ಯಾರಿ, ಕೆಲವರದು ಉರ್ದು. ಒಂದು ರಾತ್ರಿ ಒಬ್ಬ ತನ್ನ ದಿಂಬನ್ನು ಅವನ ಮಡಿಲಿಗೆ ಎಸೆದು, "ಪಿಂಜಾರ್ ಸಾಹೇಬರೇ, ಹತ್ತಿ ಗಂಟುಕಟ್ಟಿದೆ, ಸ್ವಲ್ಪ ಹಿಂಜಿಕೊಡಿ" ಎಂದ. ಕೋಣೆಯಲ್ಲಿದ್ದ ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದಿನಿಂದ ಅವನ ಹೆಸರನ್ನು ಯಾರೂ ಕರೆಯಲಿಲ್ಲ. 'ಪಿಂಜಾರ' ಎಂಬುದೇ ಹೆಸರಾಯಿತು. ಮೂರನೆಯ ತಿಂಗಳು ಅವನು ಪೆಟ್ಟಿಗೆ ಕಟ್ಟಿ ಊರಿಗೆ ಹೋದ. ಮರಳಿ ಬರಲಿಲ್ಲ. ಊಟ ಒಗ್ಗಲಿಲ್ಲವಂತೆ ಎಂದು ನಾವು ಮಾತನಾಡಿಕೊಂಡೆವು.

ಮೊದಲನೆಯ ನಗುವಿಗೆ ನಾನು ಗುರಿಯಾಗಿದ್ದೆ. ಎರಡನೆಯದರಲ್ಲಿ ನಾನು ಪಾಲುದಾರ. ಕಾಲೇಜುಗಳಲ್ಲಿ ಸಮಾನತೆ ಮತ್ತು ವೈವಿಧ್ಯಕ್ಕೆ ಗೌರವ ಸಿಗಬೇಕೆಂದು ನಾವಿಂದು ಗಟ್ಟಿಯಾಗಿ ಕೇಳುತ್ತಿದ್ದೇವೆ. ಕೇಳಲೇಬೇಕು, ಅದು ನಮ್ಮ ಹಕ್ಕು. ಆದರೆ ಬೀಗದ ಕೈ ನಮ್ಮ ಕೈಯಲ್ಲಿರುವ ಕಡೆ ನಾವು ಅದನ್ನು ಇತರರಿಗೆ ಕೊಟ್ಟಿದ್ದೇವೆಯೇ? ಈ ಪ್ರಶ್ನೆಗೆ ಉತ್ತರಿಸದೆ ನಮ್ಮ ಬೇಡಿಕೆಗೆ ಬಲ ಬರುವುದಿಲ್ಲ.

ಮೊದಲು ಹಕ್ಕಿನ ವಿಚಾರವನ್ನೇ ನೋಡೋಣ. ಸಂವಿಧಾನದ 15ನೆಯ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಆಧಾರದಲ್ಲಿ ಸರಕಾರವು ಪ್ರಜೆಗಳ ನಡುವೆ ತಾರತಮ್ಯ ಮಾಡಬಾರದೆನ್ನುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸುತ್ತದೆ. ಇವು ನಮ್ಮ ಮಕ್ಕಳಿಗೆ ಶಾಲೆಯಲ್ಲೇ ಬಾಯಿಪಾಠವಾಗಿವೆ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2012ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಸಮಾನತೆಯ ಒಂದು ನಿಯಮಾವಳಿಯನ್ನೇ ಹೊರಡಿಸಿತೆಂಬುದು ಎಷ್ಟು ಹೆತ್ತವರಿಗೆ ತಿಳಿದಿದೆ? ನಾನು ಪದವಿ ಓದುತ್ತಿದ್ದ ಕಾಲದಲ್ಲೇ ಅದು ಬಂದಿತ್ತು. ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಅದರ ಸುಳಿವೂ ಇರಲಿಲ್ಲ.

ಆ ನಿಯಮಾವಳಿಯನ್ನು ಓದಿದರೆ, ಅದನ್ನು ಬರೆದವರು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಕಂಡವರೇ ಇರಬೇಕೆನಿಸುತ್ತದೆ. ವಿದ್ಯಾರ್ಥಿಯ ಜಾತಿ, ಬುಡಕಟ್ಟು, ಧರ್ಮ, ಪ್ರದೇಶವನ್ನು ತರಗತಿಯಲ್ಲಿ ಎತ್ತಿ ಹೇಳಬಾರದು. 'ಮೀಸಲಾತಿಯವನು' ಎಂದು ಹಣೆಪಟ್ಟಿ ಹಚ್ಚಬಾರದು. ಓದಿನಲ್ಲಿ ಹಿಂದುಳಿದುದಕ್ಕೆ ಅವನ ಹುಟ್ಟನ್ನು ಕಾರಣವಾಗಿಸಿ ಹೀಯಾಳಿಸಬಾರದು. ವಾಚನಾಲಯದಲ್ಲಿ ಪ್ರತ್ಯೇಕ ಆಸನ ಗುರುತಿಸಬಾರದು. ಆಟದ ಸೌಲಭ್ಯಗಳ ಬಳಕೆಯಲ್ಲಿ ಬೇರ್ಪಡಿಸಿ ನೋಡಬಾರದು. ಇಂತಹ ದೂರುಗಳನ್ನು ಕೇಳಲು ಪ್ರತಿ ಸಂಸ್ಥೆಯಲ್ಲಿಯೂ ಸಮಾನ ಅವಕಾಶ ಘಟಕವಿರಬೇಕು, ತಾರತಮ್ಯ ವಿರೋಧಿ ಅಧಿಕಾರಿಯೊಬ್ಬರು ಇರಬೇಕು. ನನ್ನನ್ನು 'ಮೌಲ್ವಿ' ಎಂದು ಕರೆದುದಕ್ಕೂ ಆ ಹುಡುಗನನ್ನು 'ಪಿಂಜಾರ' ಎಂದು ಕರೆದುದಕ್ಕೂ ಅಲ್ಲಿ ಉತ್ತರವಿದೆ.

ಹಾಗಾದರೆ ತಾರತಮ್ಯ ನಿಂತಿತೇ? 2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲಾ ಸಾವಿಗೆ ಶರಣಾದರು. 2019ರ ಮೇ 22ರಂದು ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವೈದ್ಯಕೀಯ ಓದುತ್ತಿದ್ದ ಡಾ. ಪಾಯಲ್ ತಡ್ವಿ ಪ್ರಾಣ ಕಳೆದುಕೊಂಡರು. ಹಿರಿಯ ವಿದ್ಯಾರ್ಥಿನಿಯರಾದ ಮೂವರು ವೈದ್ಯೆಯರು ಜಾತಿಯ ಹೆಸರಿನಲ್ಲಿ ಕಿರುಕುಳ ಕೊಟ್ಟರೆಂಬ ಆರೋಪದ ಮೇಲೆ ಪ್ರಕರಣ ದಾಖಲಾಯಿತು. ಅದೇ ವರ್ಷ ರೋಹಿತ್‌ರ ತಾಯಿ ರಾಧಿಕಾ ವೇಮುಲಾ ಮತ್ತು ಪಾಯಲ್‌ರ ತಾಯಿ ಆಬೇದಾ ಸಲೀಮ್ ತಡ್ವಿ ಜತೆಯಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2012ರ ನಿಯಮಗಳು ಕಾಗದದಲ್ಲೇ ಉಳಿದಿವೆ, ಅವನ್ನು ಜಾರಿಗೊಳಿಸಿ ಎಂಬುದು ಆ ಇಬ್ಬರು ತಾಯಂದಿರ ಮೊರೆ. ಈ ಮೊಕದ್ದಮೆಯ ಹಿನ್ನೆಲೆಯಲ್ಲಿ ಆಯೋಗವು 2026ರ ಜನವರಿಯಲ್ಲಿ ಹೊಸ ನಿಯಮಾವಳಿಯನ್ನು ಪ್ರಕಟಿಸಿತು. ಅದರ ವಿರುದ್ಧ ಪ್ರತಿಭಟನೆಗಳೆದ್ದವು. ಅದೇ ತಿಂಗಳು ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ನೀಡಿ, ಸದ್ಯಕ್ಕೆ 2012ರ ನಿಯಮಗಳೇ ನಡೆಯಲಿ ಎಂದಿತು.

ಆ ಎರಡನೆಯ ತಾಯಿಯ ಹೆಸರನ್ನು ಓದುಗರು ಇನ್ನೊಮ್ಮೆ ಗಮನಿಸಬೇಕು. ಆಬೇದಾ ಸಲೀಮ್. ತಡ್ವಿ ಭಿಲ್ಲರು ಮಹಾರಾಷ್ಟ್ರದ ಜಳಗಾಂವ್ ಕಡೆಯ ಬುಡಕಟ್ಟಿನವರು, ಇಸ್ಲಾಮನ್ನು ಅನುಸರಿಸುವವರು. ಪಾಯಲ್ ನಮ್ಮ ಮನೆಯ ಮಗಳೇ ಆಗಿದ್ದರು. ಅವರು ತೀರಿಕೊಂಡಾಗ ದಲಿತ, ಆದಿವಾಸಿ ಸಂಘಟನೆಗಳು ಬೀದಿಗಿಳಿದವು. ನಮ್ಮ ಪಟ್ಟಣಗಳ ಎಷ್ಟು ಮಸೀದಿಗಳ ಅಂಗಳದಲ್ಲಿ ಅವರ ಮಾತು ಬಂತು? ನಾನು ವಿಚಾರಿಸಿದವರಲ್ಲಿ ಹೆಚ್ಚಿನವರಿಗೆ ಆಕೆ ಮುಸ್ಲಿಮ್ ಎಂಬುದೇ ತಿಳಿದಿರಲಿಲ್ಲ. ಜಾತಿಯ ಹೆಸರಿನಲ್ಲಿ ನೊಂದವರು ನಮ್ಮವರಾಗಿರಲಾರರು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ. 'ಇಸ್ಲಾಮಿನಲ್ಲಿ ಜಾತಿಯಿಲ್ಲ' ಎಂಬ ಮಾತು ಧರ್ಮದ ಬಗ್ಗೆ ಸತ್ಯ. ಮುಸ್ಲಿಮರ ಮದುವೆ ಮಾತುಕತೆಗಳ ಬಗ್ಗೆಯೂ, ನಮ್ಮ ವಿದ್ಯಾರ್ಥಿ ನಿಲಯದ ಆ ರಾತ್ರಿಯ ಬಗ್ಗೆಯೂ ಅದನ್ನೇ ಹೇಳಲು ಸಾಧ್ಯವೇ?

ಇನ್ನು ನಮ್ಮ ರಾಜ್ಯದ ಕಾಲೇಜುಗಳಿಗೆ ಬರೋಣ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ತರಗತಿಯ ಹೊರಗೆ ನಿಲ್ಲಿಸಿದಲ್ಲಿಂದ ತೊಡಗಿದ ವಿವಾದ ಎಲ್ಲರಿಗೂ ನೆನಪಿದೆ. 2022ರ ಫೆಬ್ರವರಿ 5ರಂದು ರಾಜ್ಯ ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟಿನ ಪೂರ್ಣ ಪೀಠ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಹೆಣ್ಣುಮಗುವಿನ ಶಿಕ್ಷಣವನ್ನೇ ಮುಖ್ಯವೆಂದು ಬಗೆದು ಅವನ್ನು ಪುರಸ್ಕರಿಸಿದರು.

ಸಮವಸ್ತ್ರದ ಮೂಲ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಬಡವನ ಮಗನೂ ಶ್ರೀಮಂತನ ಮಗನೂ ಒಂದೇ ಅಂಗಿಯಲ್ಲಿ ಕುಳಿತುಕೊಳ್ಳುವುದು ಒಳ್ಳೆಯದೇ. ಆದರೆ ಸಮಾನತೆ ಎಂದರೆ ಏಕರೂಪತೆಯೆಂದು ತಿಳಿದಲ್ಲಿ ತಪ್ಪು ಆರಂಭವಾಗುತ್ತದೆ. ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿಗೂ ಎಲ್ಲರಂತೆ ಮೆಟ್ಟಿಲನ್ನೇ ತೋರಿಸಿ, 'ನಾವು ಭೇದ ಮಾಡುವುದಿಲ್ಲ' ಎಂದರೆ ಅದು ಸಮಾನತೆಯಾಗುವುದೇ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಾಗದಂತೆ ಸೀಟು ಕಾದಿರಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಎಲ್ಲರೂ ಒಳಗೆ ಬರಲು ಸಾಧ್ಯವಾಗುವಂತೆ ಬಾಗಿಲನ್ನು ಅಗಲಿಸುವುದು ನ್ಯಾಯ. ಬಾಗಿಲಿನ ಅಳತೆಗೆ ಹೊಂದದವರನ್ನು ಹೊರಗೆ ನಿಲ್ಲಿಸಿದರೆ ಕಡೆಗೆ ನಷ್ಟವಾಗುವುದು ಕಲಿಕೆಗೇ. ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020-21ರಲ್ಲಿ ದೇಶದ ಉನ್ನತ ಶಿಕ್ಷಣದಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಪಾಲು ಶೇ. 4.6. ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು 2011ರ ಜನಗಣತಿಯಂತೆ ಶೇ. 14.2. ಇಷ್ಟು ಅಂತರವಿರುವ ಸಮುದಾಯದ ಒಬ್ಬಳು ಹುಡುಗಿ ತರಗತಿ ಬಿಟ್ಟರೂ ಅದು ದೊಡ್ಡ ನಷ್ಟ.

ಆ ದಿನಗಳ ಇನ್ನೊಂದು ದೃಶ್ಯ ನಮ್ಮ ಮನಸ್ಸಿನಿಂದ ಬೇಗನೆ ಅಳಿಸಿಹೋಯಿತು. 2022ರ ಫೆಬ್ರವರಿಯಲ್ಲಿ, ಹಲವು ಕಾಲೇಜುಗಳಲ್ಲಿ ಹಿಜಾಬಿಗೆ ಎದುರಾಗಿ ಕೇಸರಿ ಶಾಲುಗಳು ಕಾಣಿಸಿಕೊಂಡಾಗ, ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ದಲಿತ ವಿದ್ಯಾರ್ಥಿಗಳು ನೀಲಿ ಶಾಲು ಹೊದ್ದು 'ಜೈ ಭೀಮ್' ಎನ್ನುತ್ತಾ ಮುಸ್ಲಿಮ್ ಸಹಪಾಠಿನಿಯರ ಬೆಂಬಲಕ್ಕೆ ನಿಂತರು. ಅವರಿಗೆ ಹಿಜಾಬಿನ ಅಗತ್ಯವಿರಲಿಲ್ಲ. ಹೊರಗೆ ನಿಲ್ಲಿಸಲ್ಪಡುವುದೆಂದರೇನೆಂದು ಅವರಿಗೆ ಗೊತ್ತಿತ್ತು, ಅಷ್ಟೇ. ಆ ಋಣವನ್ನು ನಾವು ಹೇಗೆ ತೀರಿಸಿದೆವು? ದಲಿತ ವಿದ್ಯಾರ್ಥಿಯ ವೇತನ ತಡವಾದಾಗ, ವಿದ್ಯಾರ್ಥಿ ನಿಲಯದ ಊಟ ಹಳಸಿದಾಗ, ಜಾತಿ ನಿಂದನೆಯ ದೂರನ್ನು ಪ್ರಾಂಶುಪಾಲರು ಮೇಜಿನ ಖಾನೆಗೆ ತಳ್ಳಿದಾಗ ನಮ್ಮ ಹುಡುಗರು ಎಲ್ಲಿರುತ್ತಾರೆ? ನಮಗೆ ನೋವಾದಾಗ ಮಾತ್ರ ಸಂವಿಧಾನವನ್ನು ನೆನೆಯುವವರ ಮಾತನ್ನು ಜನರು ನಂಬುವುದಿಲ್ಲ. ನಂಬಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಈಗ ನಾವೇ ನಡೆಸುವ ಕಾಲೇಜುಗಳ ವಿಚಾರ. ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಹನ್ನೊಂದು ಮಂದಿ ನ್ಯಾಯಾಧೀಶರ ಪೀಠವು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಈ ಹಕ್ಕನ್ನು ವಿವರಿಸಿತು. ಸರಕಾರದ ಅನುದಾನ ಪಡೆಯುವ ಅಲ್ಪಸಂಖ್ಯಾತ ಸಂಸ್ಥೆಯು ಹೊರಗಿನವರಿಗೂ ಯೋಗ್ಯ ಪ್ರಮಾಣದಲ್ಲಿ ಪ್ರವೇಶ ನೀಡಬೇಕೆಂದು ಹೇಳಿತು. ನಮ್ಮ ಕರಾವಳಿಯ ಮಣಿಪಾಲದ ಸಂಸ್ಥೆಯ ಹೆಸರಿನಲ್ಲಿ ಬಂದ ತೀರ್ಪು ಇದು. ಹಕ್ಕಿನ ಭಾಗವನ್ನು ನಮ್ಮ ಆಡಳಿತ ಮಂಡಳಿಗಳು ಚೆನ್ನಾಗಿ ಅರಿತಿವೆ. ಅದರೊಡನೆ ಬರುವ ಹೊಣೆಯ ಭಾಗ?

ಈ ವಿಷಯದಲ್ಲಿ ನಮ್ಮ ಹಿರಿಯರ ದಾಖಲೆ ನಮಗಿಂತ ಉತ್ತಮವಾಗಿತ್ತು. ಸರ್ ಸೈಯದ್ ಅಹ್ಮದ್ ಖಾನ್ ಅಲೀಗಢದಲ್ಲಿ ಕಟ್ಟಿದ ಕಾಲೇಜಿನ ಹೆಸರಿನಲ್ಲಿಯೇ 'ಮುಹಮ್ಮದನ್' ಎಂಬ ಪದವಿತ್ತು. ಆದರೆ ಅಲ್ಲಿಂದ ಹೊರಬಂದ ಮೊದಲ ಪದವೀಧರ ಈಶ್ವರಿ ಪ್ರಸಾದ್ ಎಂಬ ಹಿಂದೂ ವಿದ್ಯಾರ್ಥಿ. ಆ ಕಾಲೇಜು 1920ರಲ್ಲಿ ವಿಶ್ವವಿದ್ಯಾಲಯವಾದಾಗ ಅದರ ಮೊದಲ ಕುಲಾಧಿಪತಿಯಾದವರು ಭೋಪಾಲದ ಬೇಗಂ ಸುಲ್ತಾನ್ ಜಹಾನ್. ಆದರೆ ಅದೇ ವಿಶ್ವವಿದ್ಯಾಲಯಕ್ಕೆ ಪ್ರೊ. ನಯೀಮಾ ಖಾತೂನ್ ಮೊದಲ ಮಹಿಳಾ ಕುಲಪತಿಯಾಗಿ ಬರಲು 2024ರವರೆಗೆ ಕಾಯಬೇಕಾಯಿತು. ಆರಂಭದಲ್ಲಿ ತೆರೆದ ಬಾಗಿಲು ನಡುವೆ ಎಷ್ಟು ಕಾಲ ಮುಚ್ಚಿಕೊಳ್ಳಬಹುದೆಂಬುದಕ್ಕೆ ಈ ಶತಮಾನದ ಅಂತರವೇ ಸಾಕ್ಷಿ.

ಆದುದರಿಂದ ನಮ್ಮ ಸಂಸ್ಥೆಗಳ ಮುಖ್ಯಸ್ಥರಲ್ಲಿ ಕೆಲವು ಪ್ರಶ್ನೆಗಳನ್ನು ವಿನಯದಿಂದ ಕೇಳಬೇಕಾಗಿದೆ. ನಿಮ್ಮ ಕಾಲೇಜಿನಲ್ಲಿ ಎಷ್ಟು ಮಂದಿ ದಲಿತ ಉಪನ್ಯಾಸಕರಿದ್ದಾರೆ? ಕಸ ಗುಡಿಸುವವರನ್ನು ಬಿಟ್ಟು ಲೆಕ್ಕ ಹೇಳಿ. ಹುಡುಗಿಯರೇ ಹೆಚ್ಚಾಗಿ ಓದುವ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎಷ್ಟು ಕುರ್ಚಿಗಳಿವೆ? ಈದ್‌ನ ಮರುದಿನ ಕಿರುಪರೀಕ್ಷೆ ಇಟ್ಟರೆ ನಾವು ಮನವಿಪತ್ರ ಹಿಡಿದು ಹೋಗುತ್ತೇವೆ. ನಮ್ಮ ಕಾಲೇಜಿನಲ್ಲಿ ದೀಪಾವಳಿ ಅಥವಾ ಕ್ರಿಸ್ಮಸ್‌ನ ಮರುದಿನ ಪರೀಕ್ಷೆ ಇಡುವ ಮುನ್ನ ಆ ಮಕ್ಕಳನ್ನು ಕೇಳುತ್ತೇವೆಯೇ? ನಮ್ಮ ಕಾಲೇಜಿಗೆ ಬಂದ ಹಿಂದೂ ಅಥವಾ ಕ್ರೈಸ್ತ ವಿದ್ಯಾರ್ಥಿ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತರೆ ಗೆಲ್ಲುವುದು ಸಾಧ್ಯವೇ? ಸೊಂಟದ ಕೆಳಗೆ ಬಲವಿಲ್ಲದ ಹುಡುಗಿ ನಮ್ಮ ಮೂರನೆಯ ಮಹಡಿಯ ಪ್ರಯೋಗಾಲಯಕ್ಕೆ ಹೇಗೆ ಹೋಗುತ್ತಾಳೆ? ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಕೊಡಬಲ್ಲ ಸಂಸ್ಥೆಗಳೂ ಇವೆ. ಅವುಗಳ ಸಂಖ್ಯೆ ಹೆಚ್ಚಬೇಕು.

ಭಿನ್ನತೆಯೊಡನೆ ಬದುಕುವುದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ನಾನು ಅದನ್ನು ಮೊದಲು ಕಲಿತದ್ದು ಮದ್ರಸದಲ್ಲಿ. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಈ ಮದ್‌ಹಬಿನವರು. ಉರ್ದು ಮಾತನಾಡುವವರು ಬಹುತೇಕ ಹನಫಿಗಳು. ಫಜ್ರ್ ನಮಾಝಿನಲ್ಲಿ ಒಬ್ಬರು ಕುನೂತ್ ಓದುತ್ತಾರೆ, ಇನ್ನೊಬ್ಬರು ಓದುವುದಿಲ್ಲ. ಒಬ್ಬರು 'ಆಮೀನ್' ಗಟ್ಟಿಯಾಗಿ ಹೇಳುತ್ತಾರೆ, ಇನ್ನೊಬ್ಬರು ಮೆಲ್ಲಗೆ. ನಮ್ಮ ಉಸ್ತಾದರು ಫಿಕ್ಹ್ ಪಾಠ ಮಾಡುವಾಗ ಒಂದು ಮಸ್‌ಅಲೆಯ ಬಗ್ಗೆ ಇಮಾಮ್ ಅಬೂ ಹನೀಫಾ(ರ)ರ ಅಭಿಪ್ರಾಯ, ಅದರ ಆಧಾರ, ಇಮಾಮ್ ಶಾಫಿಈ(ರ)ಯವರ ಅಭಿಪ್ರಾಯ, ಅದರ ಆಧಾರ ಎಂದು ಎರಡನ್ನೂ ಒಂದೇ ಗೌರವದಿಂದ ಹೇಳುತ್ತಿದ್ದರು. ಇಮಾಮ್ ಶಾಫಿಈಯವರು ಬಗ್ದಾದಿನಲ್ಲಿ ಇಮಾಮ್ ಅಬೂ ಹನೀಫಾರ ಸಮಾಧಿಯ ಸಮೀಪ ಫಜ್ರ್ ನಮಾಝ್ ಮಾಡಿದಾಗ, ಆ ಮಣ್ಣಿನಲ್ಲಿ ಮಲಗಿದವರ ಅಭಿಪ್ರಾಯಕ್ಕೆ ಗೌರವವಿತ್ತು ಕುನೂತನ್ನು ಬಿಟ್ಟರೆಂಬ ಪ್ರಸಿದ್ಧ ಕಥೆಯನ್ನೂ ಅವರು ಹೇಳುತ್ತಿದ್ದರು. ಇಮಾಮರು ತಮ್ಮ ಅಭಿಪ್ರಾಯವನ್ನು ಬದಲಿಸಿರಲಿಲ್ಲ. ಇನ್ನೊಬ್ಬರ ಅಂಗಳದಲ್ಲಿ ನಿಂತಾಗ ಹೇಗೆ ನಡೆದುಕೊಳ್ಳಬೇಕೆಂದು ತೋರಿಸಿದರು. ಅದೇ ಬಗ್ದಾದಿನಲ್ಲಿ ಅಬ್ಬಾಸಿಯಾ ಖಲೀಫರ ಕಾಲದಲ್ಲಿ ಗ್ರೀಕ್ ವೈದ್ಯಶಾಸ್ತ್ರವನ್ನು ಅರಬಿಗೆ ತಂದ ಹುನೈನ್ ಇಬ್ನ್ ಇಸ್‌ಹಾಕ್ ಕ್ರೈಸ್ತ. ಗಣಿತಜ್ಞ ಸಾಬಿತ್ ಇಬ್ನ್ ಕುರ್ರಾ ಹರ್ರಾನಿನ ಸಾಬಿಯನ್. ಯಾರು ಎಂಬುದಕ್ಕಿಂತ ಏನು ಬಲ್ಲರು ಎಂಬುದನ್ನು ನೋಡಿದ ಕಾಲದಲ್ಲಿ ಜ್ಞಾನ ಅಲ್ಲಿ ಬೆಳೆಯಿತು. ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯವು ಜನಾಂಗ, ಗೋತ್ರಗಳ ಭೇದವನ್ನು ಪರಸ್ಪರ ಪರಿಚಯಕ್ಕಾಗಿ ಇರುವುದೆಂದು ತಿಳಿಸುತ್ತದೆ. ಪರಿಚಯವಾಗಬೇಕಾದರೆ ಮೊದಲು ಜತೆಯಲ್ಲಿ ಕುಳಿತುಕೊಳ್ಳಬೇಕು.

ಇಲ್ಲಿ ಹೆತ್ತವರ ಪಾತ್ರವೂ ದೊಡ್ಡದು. ಕಾಲೇಜಿಗೆ ಹೊರಟ ಮಗನಿಗೆ, ಮಗಳಿಗೆ ನಾವು ಕೊಡುವ ಮೊದಲ ಉಪದೇಶ, 'ನಮ್ಮವರ ಜತೆಯಲ್ಲೇ ಇರು' ಎಂಬುದು. ಈ ಉಪದೇಶದ ಹಿಂದಿರುವ ಭಯ ನನಗೆ ಅರ್ಥವಾಗುತ್ತದೆ. ಕರಾವಳಿಯ ಪಟ್ಟಣಗಳಲ್ಲಿ ಬೇರೆ ಧರ್ಮದ ಸಹಪಾಠಿಯೊಡನೆ ಬಸ್ಸಿನಲ್ಲಿ ಕುಳಿತುದಕ್ಕೆ ಏಟು ತಿಂದ ಮಕ್ಕಳನ್ನು ನಾವು ಕಂಡಿದ್ದೇವೆ. ಅಂತಹ ಗೂಂಡಾಗಿರಿಯನ್ನು ಪೊಲೀಸರು ಮಟ್ಟಹಾಕಲೇಬೇಕು. ಆದರೆ ಭಯದಿಂದ ನಾವು ಮಾಡಿಕೊಳ್ಳುವ ದ್ವೀಪಗಳು ಕಡೆಗೆ ಅವರ ಕೆಲಸವನ್ನೇ ಸುಲಭಗೊಳಿಸುತ್ತವೆ. ಮೂರು ವರ್ಷ ಒಂದೇ ಕಾಲೇಜಿನಲ್ಲಿ ಓದಿ, ಪಕ್ಕದ ಬೆಂಚಿನವನ ಮನೆಯ ಕಷ್ಟಸುಖ ತಿಳಿಯದೆ ಹೊರಬರುವವನು ಪದವಿ ಪಡೆದಿರಬಹುದು, ಕಾಲೇಜಿನ ಶಿಕ್ಷಣ ಪಡೆದಿಲ್ಲ.

ಈ ವರ್ಷ ಪ್ರವೇಶದ ಅರ್ಜಿ ತುಂಬುವಾಗ ಶುಲ್ಕ, ಬಸ್ಸು, ಫಲಿತಾಂಶಗಳ ಜತೆಗೆ ಇನ್ನೂ ಒಂದು ವಿಷಯವನ್ನು ವಿಚಾರಿಸಿರಿ: ಈ ಕಾಲೇಜಿನ ತಾರತಮ್ಯ ವಿರೋಧಿ ಅಧಿಕಾರಿ ಯಾರು? ಅವರ ಹೆಸರು ಎಲ್ಲಿ ಬರೆದಿದೆ? ಹತ್ತು ಮಂದಿ ಹೆತ್ತವರು ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಸೂಚನಾ ಫಲಕದಲ್ಲಿ ಒಂದು ಹೆಸರು ಕಾಣಿಸಿಕೊಂಡೀತು. ನಮ್ಮವರ ಕಾಲೇಜಿನಲ್ಲಿಯೂ ಇದನ್ನೇ ಕೇಳಿರಿ; ಅಲ್ಲಿ ಇನ್ನೂ ಗಟ್ಟಿಯಾಗಿ ಕೇಳಿರಿ. ಮಗ ಮನೆಗೆ ಬಂದು ತರಗತಿಯ ತಮಾಷೆಗಳನ್ನು ಹೇಳುವಾಗ, ಯಾರನ್ನು ನೋಡಿ ನಕ್ಕಿರೆಂದು ಒಮ್ಮೆ ವಿಚಾರಿಸಿರಿ.

ನನ್ನನ್ನು ಯಾರೂ ಹಾಗೆ ವಿಚಾರಿಸಿರಲಿಲ್ಲ. ನಾಲ್ಕು ವರ್ಷಗಳ ಹಿಂದೆ ಕೆಲಸದ ನಿಮಿತ್ತ ಆ ಕಡೆ ಹೋದಾಗ ಅವನ ಊರಿನ ಬಸ್ ನಿಲ್ದಾಣದಲ್ಲಿ ಇಳಿದು ಕೇಳಿದೆ. ಮನೆಯವರು ಊರು ಬಿಟ್ಟು ಹೋಗಿದ್ದರು. ಎಲ್ಲಿಗೆಂದು ಹೇಳಬಲ್ಲವರು ಸಿಗಲಿಲ್ಲ. ಅವನು ಇಂಗ್ಲಿಷಿನಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿದ್ದ, ಶಿಕ್ಷಕನಾಗಬೇಕೆಂದಿದ್ದ. ಅವನಿಂದ ಕ್ಷಮೆ ಕೇಳುವ ಅವಕಾಶ ನನಗೆ ಇನ್ನು ಸಿಗುವುದೋ ಇಲ್ಲವೋ ಅಲ್ಲಾಹನೇ ಬಲ್ಲ. ಆದರೆ ನಮ್ಮ ಪಟ್ಟಣಗಳ ವಿದ್ಯಾರ್ಥಿ ನಿಲಯಗಳಲ್ಲಿ ಈ ವರ್ಷವೂ ಅವನಂತಹ ಹುಡುಗರು ಪೆಟ್ಟಿಗೆ ಇಳಿಸುತ್ತಾರೆ. ಅವರನ್ನು ಹೆಸರು ಹಿಡಿದು ಕರೆಯುವ ಕೆಲಸವಾದರೂ ನಮ್ಮಿಂದ ಆಗಲಿ.